ಹುಳ ಮುಟ್ಟದ ಪತ್ರೆ

ಸುಮಿತ್ರಮ್ಮ ಯಾರನ್ನೂ ಏನನ್ನೂ ಕೇಳುವವಳಲ್ಲ ಎಂಬುದು ಶನಿವಾರಸಂತೆಯ ಆ ಬೀದಿಯಲ್ಲಿ ಹೊಗಳಿಕೆಯ ಮಾತಾಗಿತ್ತು. ಉಪ್ಪು ಮುಗಿದರೆ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋದವಳಲ್ಲ. ಸಾರಿಗೆ ಹುಣಸೆಹುಳಿ ಒಂದಿಷ್ಟು ಹೆಚ್ಚಿಗೆ ಹಿಂಡಿ, ಉಪ್ಪಿನ ಕೊರತೆ ನಾಲಿಗೆಗೆ ತಿಳಿಯದಂತೆ ಮಾಡುತ್ತಿದ್ದಳು. ಸಂತೆಯ ದಿನ ಹಳ್ಳಿಗಳಿಂದ ಬಂದ ನೆಂಟರು ಮುಂಚೆ ಹೇಳದೆ ಊಟಕ್ಕೆ ಕೂತರೂ ಅವಳ ಅನ್ನದ ತಪ್ಪಲೆಯ ತಳ ಕಂಡವರಿಲ್ಲ. ಕೊಡ್ಲಿಪೇಟೆಯ ಕಡೆಯ ಹಳ್ಳಿಯೊಂದರಿಂದ ಹದಿನಾರನೆಯ ವಯಸ್ಸಿಗೆ ಈ ಮನೆಗೆ ಸೊಸೆಯಾಗಿ ಹೊರಟಾಗ ಅವಳ ತಾಯಿ ಕಿವಿಯಲ್ಲಿ ಹೇಳಿ ಕಳಿಸಿದ್ದು ಒಂದೇ ಮಾತು: "ಕೇಳಿದವಳು ಹಗುರ, ತೂಗಿಸಿದವಳು ಭಾರ. ನೆನಪಿಟ್ಕೊ." ಹದಿನಾಲ್ಕು ವರ್ಷ ಅವಳು ಅದನ್ನು ನೆನಪಿಟ್ಟುಕೊಂಡಿದ್ದಳು.

ಅವಳು ಬಂದಾಗ ನಾದಿನಿ ಸುಲೋಚನೆಗೆ ಮೂರು ವರ್ಷ. ಮರುವರ್ಷವೇ ಅತ್ತೆ ತೀರಿಕೊಂಡರು. ಮಾವ ಸಿದ್ದಬಸಪ್ಪನವರಿಗೆ ಪೂಜೆ, ಗಂಡ ಜವರಪ್ಪನಿಗೆ ಬೆಲ್ಲ ಕಂಬಳಿಗಳ ಅಂಗಡಿ. ಹುಡುಗಿ ಬೆಳೆದದ್ದು ಅತ್ತಿಗೆಯ ಸೊಂಟದ ಮೇಲೆ. ಸುಮಿತ್ರಮ್ಮನಿಗೆ ಸ್ವಂತ ಮಕ್ಕಳಾಗಲಿಲ್ಲ. ಯಾರಾದರೂ ಆ ಮಾತು ತೆಗೆದರೆ ಅವಳು, "ಇದ್ದಾಳಲ್ಲ ಒಬ್ಬಳು, ಹತ್ತು ಮಕ್ಕಳ ಸಮ ತಿಂತಾಳೆ," ಎಂದು ಮಾತು ಮುಗಿಸುತ್ತಿದ್ದಳು.

ಹದಿನೇಳಕ್ಕೆ ಕಾಲಿಡುವ ಹೊತ್ತಿಗೆ ಆ ಹುಡುಗಿ ಕುಂಟತೊಡಗಿದಳು. ಮೊದಲು ಉಳುಕೆಂದರು, ಎಣ್ಣೆ ತಿಕ್ಕಿದರು. ಕೊನೆಗೆ ಮಡಿಕೇರಿಯ ಡಾಕ್ಟರು ಫೋಟೋ ತೆಗೆಸಿ, ಸೊಂಟದ ಕೀಲಿಗೆ ಕ್ಷಯ ಹಿಡಿದಿದೆ ಎಂದರು. ಸಾವಿರದ ಒಂಬೈನೂರ ಐವತ್ತೆರಡರ ಸಂಕ್ರಾಂತಿ ಕಳೆದ ವಾರ ಅವಳನ್ನು ಜೀಪಿನಲ್ಲಿ ಮಲಗಿಸಿ ಮನೆಗೆ ತಂದಾಗ, ಹೊಟ್ಟೆಯಿಂದ ಮೊಣಕಾಲಿನವರೆಗೆ ಸುಣ್ಣದಂಥ ಬಿಳಿ ಕಟ್ಟು. ಒಂದು ವರ್ಷ ಏಳುವ ಹಾಗಿಲ್ಲ, ಮಗ್ಗುಲಾಗುವ ಹಾಗಿಲ್ಲ. ಬಿಸಿಲು ಗಾಳಿ ಚೆನ್ನಾಗಿ ಸಿಗಬೇಕು. ವಾರಕ್ಕೆ ಮೂರು ಸಲ ಇಂಜೆಕ್ಷನ್.

ಜಗಲಿಯ ಮೇಲೆ ಮಂಚ ಬಿತ್ತು. ಬೆಳಗ್ಗೆ ಅಣ್ಣ ಜವರಪ್ಪನೂ ಅಂಗಡಿಯ ಹಮಾಲಿ ಮಾಯಿಲಪ್ಪನೂ ಮಂಚವನ್ನು ಹೊರಗೆ ಎತ್ತಿಟ್ಟರೆ, ಸಂಜೆ ನಾಲ್ಕಕ್ಕೆ ಚಳಿಗಾಳಿ ಏಳುವ ಮುಂಚೆ ಒಳಗೆ. ಅಂಗಾತ ಮಲಗಿದವಳಿಗೆ ಕಾಣುವುದು ಮೂರೇ: ಹೆಂಚಿನ ಸೂರು, ಸೂರಿನ ಅಂಚಿಗೆ ಬಾಗಿದ ಬಿಲ್ವದ ಒಂದು ಕೊಂಬೆ, ಅದರಾಚೆಗಿನ ಆಕಾಶ.

ಜಗಲಿಯ ಪಕ್ಕದಲ್ಲೇ ಸುಮಿತ್ರಮ್ಮನ ಹೂದೋಟವಿತ್ತು. ತೋಟವೆಂದರೆ ನಾಲ್ಕು ಚಾಪೆ ಹಾಸುವಷ್ಟು ಜಾಗ. ಪಕ್ಕದಲ್ಲಿದ್ದರೂ ಸುಲೋಚನೆಗೆ ಕಾಣುತ್ತಿರಲಿಲ್ಲ. ಎಂಟನೆಯ ದಿನ ಹುಡುಗಿ ಅಳು ತಡೆಯಲಾರದೆ ಗೋಡೆಯ ಕಡೆ ಮುಖ ತಿರುಗಿಸಿದ್ದನ್ನು ಕಂಡು, ಸುಮಿತ್ರಮ್ಮ ಗಂಡನ ಗಡ್ಡ ಹೆರೆಯುವ ಕನ್ನಡಿಯನ್ನು ಬಿದಿರ ಕಡ್ಡಿಗೆ ಕಟ್ಟಿ ತಂದು ಕೈಗಿತ್ತಳು.

"ನಾಳೆಯಿಂದ ನಾನೇನು ಕುರಿ ಹಂಗೆ ಗಡ್ಡ ಬಿಟ್ಕೊಂಡು ಅಂಗಡೀಲಿ ಕೂರಲಾ?" ಎಂದ ಜವರಪ್ಪ.

"ಕೂತ್ಕೊ ಅಣ್ಣ. ಕಂಬಳಿ ಯಾವ ಕುರೀದು ಅಂತ ಗಿರಾಕಿಗೆ ಬೇರೆ ಹೇಳ್ಬೇಕಾಗಲ್ಲ," ಎಂದಳು ಸುಲೋಚನ. ಎಂಟು ದಿನಗಳಲ್ಲಿ ಅವಳಾಡಿದ ಮೊದಲ ನಗೆಮಾತು ಅದು.

ಆ ಕನ್ನಡಿಯಲ್ಲಿ ಅವಳು ಒಂದು ವರ್ಷದ ತೋಟ ನೋಡಿದಳು. ಹಳೆಯ ಶಾಲೆಯ ಪುಸ್ತಕವೊಂದರ ಖಾಲಿ ಹಾಳೆಗಳಲ್ಲಿ, ಎದೆಯ ಮೇಲಿಟ್ಟುಕೊಂಡು, ಬಂದ ಹೂ ಚಿಟ್ಟೆಗಳನ್ನು ತಾರೀಕು ಹಾಕಿ ಸೀಸದ ಕಡ್ಡಿಯಲ್ಲಿ ಬರೆದಳು. ಮಾಘದಲ್ಲಿ ಸೇವಂತಿಗೆ ಬಾಡಿ ಕಂದಿತು, ಚಿಟ್ಟೆಗಳು ಎರಡೋ ಮೂರೋ. ಫಾಲ್ಗುಣದ ಒಂದು ಮಳೆಗೆ ದೂರದ ಕಾಫಿ ತೋಟಗಳೆಲ್ಲ ಒಟ್ಟಿಗೆ ಅರಳಿ ಊರಿನ ಗಾಳಿಯೇ ಸಿಹಿಯಾಯಿತು. ಆದರೆ ಆ ಹೂ ಅವಳ ಕನ್ನಡಿಗೆ ಬರಲಿಲ್ಲ, ಮೂಗಿಗಷ್ಟೇ ಬಂತು. ಬಿಲ್ವ ಎಲೆ ಉದುರಿಸಿ ಬೋಳಾಗಿ, ಚೈತ್ರದಲ್ಲಿ ಗಾಜಿನಂಥ ತೆಳು ಚಿಗುರು ತಳೆಯಿತು. ವೈಶಾಖದ ಬಿಸಿಲಿಗೆ ರತ್ನಗಂಧಿ ಕೆಂಪು ಹಳದಿಯಾಗಿ ನಿಂತಿತು. ಮಳೆಗೆ ಮುಂಚಿನ ನಾಲ್ಕು ದಿನ ಸಣ್ಣ ಬಿಳಿ ಚಿಟ್ಟೆಗಳು ಸಾಲುಸಾಲಾಗಿ, ಒಂದೂ ಹೂವಿನ ಮೇಲೆ ಕೂರದೆ, ಎಲ್ಲಿಗೋ ಹೊತ್ತಾಗಿದೆ ಎಂಬಂತೆ ತೋಟ ದಾಟಿ ಹೋದವು. ಆಮೇಲೆ ಮಳೆ. ಡೇರೆ ಹೂಗಳು ನೀರು ತುಂಬಿ ಕತ್ತು ಬಗ್ಗಿಸಿದವು, ಕರ್ಣಕುಂಡಲ ಮಣ್ಣಿಗೆ ಒರಗಿತು. ಆಷಾಢವಿಡೀ ಪುಸ್ತಕದಲ್ಲಿ ತಾರೀಕಿನ ಮುಂದೆ ಒಂದೇ ಪದ: ಇಲ್ಲ. ಇಲ್ಲ. ಇಲ್ಲ.

ಗೌರಿ ಹಬ್ಬ ಕಳೆದು ಬಿಸಿಲು ಬಿದ್ದಾಗ ತುಂಬೆ, ಚೆಂಡುಹೂಗಳ ಮೇಲೆ ರೆಕ್ಕೆಗಳು ಕೂತವು. ಹಳದಿಯವು ಬಂದವು, ಎಕ್ಕದ ಗಿಡದ ಕಿತ್ತಳೆ ಬಣ್ಣದವು ಬಂದವು. ಕಪ್ಪು ಮೈಗೆ ತಿಳಿಹಳದಿ ಚಿತ್ತಾರದ ದೊಡ್ಡ ಚಿಟ್ಟೆ ಮಾತ್ರ ಬರಲಿಲ್ಲ.

"ಶಾಲೆ ಹತ್ರದ ನಿಂಬೆ ಗಿಡದಲ್ಲಿ ಅವು ಎಷ್ಟೊಂದು ಇದ್ವು ಅತ್ತಿಗೆ. ನಮ್ಮನೆಗೆ ಯಾಕೆ ಬರಲ್ಲ?"

"ನಂಗೇನು ಕಾಗದ ಹಾಕಿ ಹೇಳ್ತವಾ?" ಎನ್ನುತ್ತ ಸುಮಿತ್ರಮ್ಮ ಬೂದಿನೀರಿನ ಚಿಪ್ಪು ಹಿಡಿದು ಬಿಲ್ವದ ಕಡೆ ನಡೆದಳು. ಅದು ಅವಳ ನಿತ್ಯದ ಕೆಲಸ. ಮಾವನವರ ಲಿಂಗಪೂಜೆಗೆ ಪತ್ರೆ ಬೇಕು. ಮೂರು ದಳವೂ ಇಡಿಯಾಗಿರಬೇಕು, ತೂತು ಬಿದ್ದ ಪತ್ರೆ ಪೂಜೆಗೆ ಬರುವುದಿಲ್ಲ. ಬಿಲ್ವದ ಚಿಗುರಿಗೆ ಬೀಳುವ ಹಸಿರು ಹುಳಗಳನ್ನು ಅವಳು ಕಡ್ಡಿಯಿಂದ ಚಿಪ್ಪಿಗೆ ತಟ್ಟುತ್ತಿದ್ದಳು. ಮದುವೆಯಾಗಿ ಬಂದಂದಿನಿಂದ ತಟ್ಟಿದ್ದಳು. ಸುಮಿತ್ರಮ್ಮ ಕೊಟ್ಟ ಪತ್ರೆಯಲ್ಲಿ ಸೂಜಿಮೊನೆಯಷ್ಟು ತೂತೂ ಇರುವುದಿಲ್ಲ ಎಂದು ಮಠದ ಅಯ್ಯನವರೂ ಒಮ್ಮೆ ಹೇಳಿದ್ದರು.

ಇಂಜೆಕ್ಷನ್ ಕೊಡಲು ಬರುವ ನರ್ಸ್ ಬೊಳ್ಳಮ್ಮ ಆವತ್ತು ಸೂಜಿ ಕುದಿಸುತ್ತ ಆ ಚಿಪ್ಪಿನೊಳಗೆ ಇಣುಕಿದಳು. ಕೊಡವರ ಹೆಣ್ಣು, ದೊಡ್ಡ ಬಾಯಿ, ಅದಕ್ಕಿಂತ ದೊಡ್ಡ ನಗು.

"ಅಯ್ಯೋ, ಇದೇನ್ ಸುಮಿತ್ರಮ್ಮ! ಚಿಟ್ಟೆ ಕುಂಞಿಗಳನ್ನ ಸ್ನಾನಕ್ಕೆ ಹಾಕಿದ್ದೀರಾ?"

"ಯಾವ ಚಿಟ್ಟೆ? ಹುಳ ಇದು."

"ಹುಳಾನೇ. ನಮ್ಮ ತೋಟದಲ್ಲಿ ಕಿತ್ತಳೆ ಗಿಡಕ್ಕೂ ಇದೇ ಬೀಳ್ತದೆ. ಮುಟ್ಟಿದ್ರೆ ತಲೆಯಿಂದ ಕೆಂಪು ಕೊಂಬು ತೆಗೀತದೆ, ಅಲ್ವಾ? ಕುಂಞಿ ಅಂದ್ರೆ ಮಗು. ಇದು ಆ ದೊಡ್ಡ ಕಪ್ಪು ಹಳದಿ ಚಿಟ್ಟೇದು ಮಗು."

ಸುಮಿತ್ರಮ್ಮ ಚಿಪ್ಪನ್ನು ನೋಡಿದಳು. ಬೂದಿನೀರಿನಲ್ಲಿ ಆರೇಳು ಹುಳ ಇನ್ನೂ ಮೆಲ್ಲಗೆ ಬಾಗುತ್ತಿದ್ದವು. ಮಂಚದ ಮೇಲಿನಿಂದ ಸುಲೋಚನ, "ಎಷ್ಟು ಕೊಂದಿರಬಹುದು ಅತ್ತಿಗೆ, ಹದಿನಾಲ್ಕು ವರ್ಷಕ್ಕೆ?" ಎಂದಳು. ಸಿಟ್ಟಿರಲಿಲ್ಲ, ನಿಜಕ್ಕೂ ತಿಳಿಯಬೇಕೆಂಬ ದನಿ.

"ಎಣಿಸಿದ್ದೀನೇನೆ ನಾನು? ಪೂಜೆಗೆ ಪತ್ರೆ ಬೇಡವಾ?"

"ಬೇಕು. ಆದ್ರೆ ಆ ಕೊಂಬೆ ಒಂದು ಬಿಡಿ." ಸುಲೋಚನ ಸೂರಿನ ಅಂಚಿನತ್ತ ಬೆರಳು ತೋರಿಸಿದಳು. "ಅದು ಹೆಂಗೂ ಕೈಗೆ ಎಟುಕಲ್ಲ. ನನಗೆ ಕನ್ನಡಿ ಇಲ್ಲದೆ ಕಾಣೋದು ಅದೊಂದೇ."

"ಆಯ್ತು. ಅದು ನಿಂದು. ನಾನು ಮುಟ್ಟಲ್ಲ."

"ಬೊಳ್ಳಮ್ಮ ಸಿಸ್ಟರ್ ಸಾಕ್ಷಿ."

"ನಾನು ಸಾಕ್ಷಿ ಹೇಳಿದ್ರೆ ಫೀಸ್ ಬೇರೆ," ಎಂದಳು ಬೊಳ್ಳಮ್ಮ ಸೂಜಿ ಚುಚ್ಚುತ್ತ. ಸುಲೋಚನ ಆವತ್ತು ಅಮ್ಮಾ ಎನ್ನಲಿಲ್ಲ.

ನವರಾತ್ರಿಯ ಹೊತ್ತಿಗೆ ಮಡಿಕೇರಿಯಿಂದ ಡಾಕ್ಟರು ಬಂದು ನೋಡಿ, ಮೂಳೆ ಕೂಡುತ್ತಿರುವುದು ನಿಧಾನ, ಕಟ್ಟು ಬಿಚ್ಚಿದ ಮೇಲೂ ಕಾಲು ನಿಲ್ಲುತ್ತದೆಂದು ಈಗಲೇ ಹೇಳಲಾಗದು ಎಂದು ಹೋದರು. ಸಿದ್ದಬಸಪ್ಪನವರು ಎರಡು ದಿನ ಪೂಜೆಯಲ್ಲೇ ಕೂತರು. ಮೂರನೆಯ ದಿನ ಪೂಜೆಯಿಂದೆದ್ದು ಬಂದು ಹರಕೆ ಹೇಳಿದರು: ಕಾರ್ತಿಕ ಮಾಸವಿಡೀ ದಿನಕ್ಕೆ ಸಾವಿರದೆಂಟು ಪತ್ರೆ, ತಮ್ಮ ತಾಯಿ ನೆಟ್ಟ ಈ ಮರದ್ದೇ, ಈ ಮನೆಯವರ ಕೈಯಲ್ಲಿ ಬಿಡಿಸಿದ್ದೇ.

"ಆಗ್ತದಾ ತಾಯಿ ನಿನ್ನ ಕೈಲಿ?" ಎಂದು ಸೊಸೆಯನ್ನು ಕೇಳಿದರು.

"ಆಗ್ತದೆ ಮಾವ."

ಕಾರ್ತಿಕ ಹುಟ್ಟಿತು. ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು ಸುಮಿತ್ರಮ್ಮ ಏಣಿ ಹತ್ತಿದರೆ ಇಳಿಯುವಾಗ ಮರದ ನೆರಳು ಬೀದಿ ಮುಟ್ಟಿರುತ್ತಿತ್ತು. ಬಿಲ್ವದ ಮುಳ್ಳು ಬೆರಳ ಸಂದಿಗಳನ್ನೆಲ್ಲ ಗೀರಿತು. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ನೂರಾದಾಗ ಒಂದು ಹುಣಸೆಬೀಜ ಪಕ್ಕಕ್ಕಿಟ್ಟು, ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದಳು. ಸೋಮವಾರ ಬಿಲ್ವ ಮುಟ್ಟುವಂತಿಲ್ಲ, ಆ ದಿನ ಕೊಯ್ಯಬೇಕಾದದ್ದನ್ನೂ ಭಾನುವಾರವೇ ಕೊಯ್ದಿಡಬೇಕು. ಅದು ಅವಳಿಗೆ ಬಾಯಿಪಾಠ. ಹುಳ ತಟ್ಟುವುದನ್ನೂ ನಿಲ್ಲಿಸಲಿಲ್ಲ. ಸುಲೋಚನೆಗೆ ಕಾಣದ ಹಿತ್ತಿಲ ಬದಿಯಲ್ಲಿ ನಿಂತು ತಟ್ಟುತ್ತಿದ್ದಳು. ಈಗ ಅವು ಏನೆಂದು ಗೊತ್ತಿತ್ತು, ಅದಕ್ಕೇ ಚಿಪ್ಪಿನೊಳಗೆ ನೋಡುತ್ತಿರಲಿಲ್ಲ. ಅವಳ ಕಾಲು ಮೊದಲು, ಚಿಟ್ಟೆ ಆಮೇಲೆ ಎಂದು ತನಗೆ ತಾನೇ ಹೇಳಿಕೊಂಡಳು.

ಸೂರಿನ ಅಂಚಿನ ಕೊಂಬೆಯಲ್ಲಿ ಮಾತ್ರ ಬೇರೆಯೇ ಸಂಸಾರ ನಡೆದಿತ್ತು. ರಾಗಿಕಾಳಿಗಿಂತ ಚಿಕ್ಕ ಮೊಟ್ಟೆಗಳು ಒಡೆದು, ಹಕ್ಕಿ ಹಿಕ್ಕೆಯಂಥ ಮರಿಗಳು ಬಂದವು. ಅವು ಪೊರೆ ಕಳಚಿ ಹಸಿರಾದವು. ಒಂದೆರಡನ್ನು ಪಿಕಳಾರ ಹಕ್ಕಿ ಒಯ್ದಿತು. ಉಳಿದದ್ದು ಒಂದೇ. ದೀಪಾವಳಿ ಕಳೆದು ವಾರವಾದ ಮೇಲೆ ಅದು ತಿನ್ನುವುದು ಬಿಟ್ಟು, ಕಡ್ಡಿಗೆ ಬಾಲ ಅಂಟಿಸಿ, ನಡುವಿಗೊಂದು ನೂಲು ಸುತ್ತಿಕೊಂಡು ಹಿಂದಕ್ಕೊರಗಿ ನಿಂತಿತು. ಮರುದಿನ ಹುಳವಿಲ್ಲ, ಹಸಿರು ಗೂಡು.

"ಅತ್ತಿಗೆ, ಬನ್ನಿ ಬನ್ನಿ. ಅದಕ್ಕೂ ಸೊಂಟಕ್ಕೆ ಪಟ್ಟಿ ಹಾಕಿದಾರೆ!"

ಸುಮಿತ್ರಮ್ಮ ಮಂಚದ ಪಕ್ಕ ಕೂತು, ಕತ್ತು ಎತ್ತಿ ನೋಡಿದಳು. ಕೈಯಲ್ಲಿನ ರೊಟ್ಟಿ ಹಿಟ್ಟು ಒಣಗುವವರೆಗೂ ಇಬ್ಬರೂ ಹಾಗೇ ನೋಡಿದರು.

"ಯಾರ ಪಟ್ಟಿ ಮೊದಲು ಬಿಚ್ಚುತ್ತೆ ಅಂತ ಸಿಸ್ಟರ್ ಹತ್ರ ಪಂಥ ಕಟ್ಟಿದ್ದೀನಿ," ಎಂದಳು ಸುಲೋಚನ. "ಅದು ಹಾರಿದ್ರೆ ನಾನೂ ನಡೀತೀನಿ ಅತ್ತಿಗೆ. ನಗಬೇಡಿ. ನಂಗೆ ಹಂಗೆ ಅನ್ಸುತ್ತೆ."

"ನಗ್ಲಿಲ್ವಲ್ಲೇ," ಎಂದಳು ಸುಮಿತ್ರಮ್ಮ.

ಕಾರ್ತಿಕದ ಕೊನೆಯ ಶನಿವಾರ ಸಂತೆ ಭರ್ತಿಯಾಗಿತ್ತು. ಒಡೆದ ತುಟಿಗಳ ಚಳಿಗಾಲದ ಮೊದಲ ಸಂತೆ, ಕಂಬಳಿಗೆ ಗಿರಾಕಿ ಜಾಸ್ತಿ. ನೆಂಟರು ಹನ್ನೆರಡು ಮಂದಿ ಉಂಡೆದ್ದರು. ಮೂರು ಪಂಕ್ತಿಗೆ ಬಡಿಸಿ, ಎಂಜಲು ಬಳಿದು, ಭಾನುವಾರದ ಪೂಜೆಯ ಸಾವಿರದೆಂಟನ್ನು ಹೇಗೋ ಮುಗಿಸಿ ಸುಮಿತ್ರಮ್ಮ ಹೊಸಿಲ ಮೇಲೆ ಕೂತಾಗ ನಾಲ್ಕೂವರೆ. ಸುಲೋಚನೆಯ ಮಂಚ ಆಗಲೇ ಒಳಗೆ ಹೋಗಿತ್ತು. ಸಿದ್ದಬಸಪ್ಪನವರು ಪಂಚಾಂಗ ಮಡಚುತ್ತ ಹೊರಬಂದರು.

"ನೋಡಮ್ಮ, ಎಷ್ಟು ಚೆನ್ನಾಗಿ ಕೂಡಿ ಬಂದದೆ. ಸೋಮವಾರವೇ ಅಮಾವಾಸ್ಯೆ. ನಾಳೆ ಚತುರ್ದಶಿ. ಎರಡು ದಿನದ್ದೂ ಕೊಯ್ದು ಆಯ್ತು ತಾನೆ?"

ಚತುರ್ದಶಿಯ ದಿನವೂ ಬಿಲ್ವ ಕೊಯ್ಯಬಾರದು. ಭಾನುವಾರ ಕೊಯ್ದರಾಯಿತೆಂದು ಸುಮಿತ್ರಮ್ಮ ವಾರದ ರೂಢಿಯ ಮೇಲೆ ಇದ್ದುಬಿಟ್ಟಿದ್ದಳು, ತಿಥಿ ನೋಡಿರಲಿಲ್ಲ. ಹರಕೆಯ ಕೊನೆಯ ದಿನಕ್ಕೆ ಒಂದೂ ಪತ್ರೆ ಇರಲಿಲ್ಲ.

ಆಗ ಹೇಳಬಹುದಿತ್ತು. ಮರೆತೆ ಮಾವ, ಏನು ಮಾಡಲಿ ಎಂದು ಕೇಳಬಹುದಿತ್ತು. ಮುಂದೆ ಎಷ್ಟೋ ವರ್ಷ ಆ ಕ್ಷಣವನ್ನು ಅವಳು ಮನಸ್ಸಿನಲ್ಲಿ ಹಿಂದಕ್ಕೆ ತಂದು ನಿಲ್ಲಿಸಿಕೊಂಡಳು: ಹೊಸಿಲು, ಮಡಚಿದ ಪಂಚಾಂಗ, ಮಾವನವರ ನೆಮ್ಮದಿಯ ಮುಖ. ಪ್ರತಿ ಸಲವೂ ತನ್ನ ಬಾಯಿಯಿಂದ ಬಂದದ್ದು ಅದೇ.

"ಹೂಂ ಮಾವ. ಆಯ್ತು."

ಅವರು ದೇವರ ಕೋಣೆಗೆ ಹೋದೊಡನೆ ಬುಟ್ಟಿ ಹಿಡಿದು ಹಿತ್ತಿಲಿಗೆ ಓಡಿದಳು. ಹೊತ್ತು ಮುಳುಗಿದ ಮೇಲೆ ಪತ್ರೆ ಮುಟ್ಟುವಂತಿಲ್ಲ. ಒಂದು ತಿಂಗಳು ಬಿಡಿಸಿದ ಮರ, ಕೈಗೆಟುಕುವಲ್ಲಿ ಎಲೆಯೇ ಇರಲಿಲ್ಲ. ತುದಿಯವರೆಗೆ ಏರಿದಳು. ಸೆರಗು ಮುಳ್ಳಿಗೆ ಹರಿಯಿತು. ನೋಡಿ ಆರಿಸುವ ವ್ಯವಧಾನ ಇರಲಿಲ್ಲವಾದರೂ ಕೈ ತಾನಾಗಿ ತೂತಿನೆಲೆಯನ್ನು ಬಿಟ್ಟುಬಿಡುತ್ತಿತ್ತು. ಕೆಳಗಿಳಿದು ಎಣಿಸಿದಾಗ ಅರವತ್ತೆಂಟು ಕಡಿಮೆ. ಬಿಸಿಲು ಸೂರಿನ ಹೆಂಚಿನ ಮೇಲೆ ಮಾತ್ರ ಉಳಿದಿತ್ತು. ಆ ಬಿಸಿಲಿನಲ್ಲಿ ಆ ಒಂದು ಕೊಂಬೆ ಎಲೆ ತುಂಬಿ ನಿಂತಿತ್ತು.

ಏಣಿಗೆ ಅದು ಎಟುಕುವುದಿಲ್ಲ. ಸುಮಿತ್ರಮ್ಮ ಹಲಸಿನಕಾಯಿ ಕೀಳುವ ದೋಟಿಯನ್ನು ತಂದಳು. ಅದರ ತುದಿಗೆ ಕತ್ತಿ ಕಟ್ಟಿತ್ತು. ಬಿಲ್ವಕ್ಕೆ ಕಬ್ಬಿಣ ಮುಟ್ಟಿಸಬಾರದೆಂಬುದು ಮನೆಯ ನೇಮ. ಎಲೆ ತುದಿಯನ್ನು ಮಾತ್ರ ಬಗ್ಗಿಸಿಕೊಳ್ಳೋಣ, ಗೂಡಿರುವ ಕಡ್ಡಿಯನ್ನು ಬಿಡೋಣ ಎಂದುಕೊಂಡೇ ದೋಟಿ ಎತ್ತಿದಳು. ಅವಸರದಲ್ಲಿ ಒಂದೇ ಎಳೆತಕ್ಕೆ ಕೊಂಬೆ ಬುಡದಿಂದ ಕತ್ತರಿಸಿಹೋಗಿ ಜಗಲಿಯ ಕಲ್ಲಿನ ಮೇಲೆ ಬಿತ್ತು.

ಎಲೆಗಳ ನಡುವೆ ಗೂಡು ಸಿಕ್ಕಿತು. ಅದೀಗ ಹಸಿರಾಗಿರಲಿಲ್ಲ. ಸಿಪ್ಪೆ ತೆಳ್ಳಗಾಗಿ, ಒಳಗೆ ಮಡಿಸಿಟ್ಟ ಕಪ್ಪು ಹಳದಿ ಚಿತ್ತಾರ ಹೊರಗೆ ಕಾಣುತ್ತಿತ್ತು. ನಾಳೆಯೋ ನಾಡಿದ್ದೋ ಬರುವುದಿತ್ತು. ಒಂದು ಬದಿ ಕಲ್ಲಿಗೆ ಒತ್ತಿ ಒಡೆದು ಒದ್ದೆಯಾಗಿತ್ತು.

ಸುಮಿತ್ರಮ್ಮ ಮೊದಲು ಪತ್ರೆ ಎಣಿಸಿದಳು. ಅರವತ್ತೆಂಟು ತೆಗೆದಳು. ಎಲ್ಲವೂ ಇಡಿಯಾಗಿದ್ದವು. ಆಮೇಲೆ ಗೂಡನ್ನು ಬೊಗಸೆಯಲ್ಲಿ ಒಯ್ದು ದಾಸವಾಳದ ಬುಡದಲ್ಲಿ ಮಣ್ಣು ಮಾಡಿದಳು.

ಬೆಳಗ್ಗೆ ಮಂಚ ಹೊರಗೆ ಬಂದಾಗ ಅವಳು ಬೇಕೆಂದೇ ಒಲೆಯ ಮುಂದಿದ್ದಳು.

"ಅತ್ತಿಗೆ." ದನಿ ಸಣ್ಣಗಿತ್ತು. "ನನ್ನ ಕೊಂಬೆ ಎಲ್ಲಿ?"

ಸುಮಿತ್ರಮ್ಮ ಬಾಗಿಲವರೆಗೆ ಬಂದು ನಿಂತಳು. "ರಾತ್ರಿ ಗಾಳಿ ಕಣೆ. ಮುರಿದು ಬಿದ್ದಿತ್ತು. ಬೆಳಗ್ಗೆ ಎದ್ದು ನಾನೇ ಎತ್ತಿ ಹಾಕಿದೆ."

"ಗೂಡು?"

"ಹುಡುಕಿದೆ. ಸಿಗ್ಲಿಲ್ಲ."

ಸುಲೋಚನ ಸೂರಿನ ಅಂಚನ್ನೇ ನೋಡುತ್ತಿದ್ದಳು. ಆಮೇಲೆ ಕನ್ನಡಿಯನ್ನು ಎದೆಯ ಮೇಲೆ ಬೋರಲು ಹಾಕಿದಳು.

ಸೋಮವಾರ ಬೆಳಗ್ಗೆ ಬೊಳ್ಳಮ್ಮ ಬಂದವಳೇ, "ಏನ್ ಕುಂಞಿ, ಪಂಥ ಯಾರು ಗೆದ್ರು?" ಎಂದು ಮೇಲೆ ನೋಡಿದಳು. "ಕೊಂಬೆ ಏನಾಯ್ತು?"

"ಗಾಳಿಗೆ ಮುರೀತು ಸಿಸ್ಟರ್."

"ಯಾವ ಗಾಳಿ? ನಮ್ಮ ಕ್ವಾರ್ಟರ್ಸಲ್ಲಿ ಎಲೆ ಅಲ್ಲಾಡ್ಲಿಲ್ಲ."

"ಬಂದಿತ್ತು," ಎಂದಳು ಸುಲೋಚನ. "ನಮ್ಮನೆ ಮೇಲೆ ಮಾತ್ರ ಬಂದಿತ್ತು."

ಒಳಗೆ ಸುಮಿತ್ರಮ್ಮನ ಕೈಯ ಸೌಟು ನಿಂತಿತು.

ಹರಕೆ ಸಾಂಗವಾಗಿ ಮುಗಿಯಿತು. ಮಂಗಳಾರತಿಯಾಗಿ, ಪ್ರಸಾದ ಹಂಚಿ, ಹಿಂದಿನ ದಿನಗಳ ಪತ್ರೆಯ ರಾಶಿಯನ್ನು ಬುಟ್ಟಿಗೆ ತುಂಬುತ್ತಿದ್ದ ಸೊಸೆಯನ್ನು ಸಿದ್ದಬಸಪ್ಪನವರು ತೃಪ್ತಿಯಿಂದ ನೋಡಿದರು.

"ಒಂದು ದಿನವೂ ಕಮ್ಮಿ ಬೀಳದ ಹಾಗೆ ತಂದುಕೊಟ್ಟೆಯಲ್ಲ ತಾಯಿ. ಕೊನೇ ಎರಡು ದಿನ ಸಾಲಲಿಕ್ಕಿಲ್ಲ ಅಂತ ನಾನು ಮನಸ್ಸಿನಲ್ಲಿ ಇವನ್ನೇ ಇಟ್ಟುಕೊಂಡಿದ್ದೆ."

"ಇವನ್ನಾ ಮಾವ? ಏರಿಸಿದ್ದನ್ನಾ?"

"ಬಿಲ್ವಕ್ಕೆ ಹಳತು ಅಂತ ಇಲ್ಲಮ್ಮ. ಏರಿಸಿದ್ದನ್ನೇ ತೊಳೆದು ಮತ್ತೆ ಏರಿಸಬಹುದು. ಶಾಸ್ತ್ರಕ್ಕೆ ಸಮ್ಮತ. ನೀನು ಕೇಳಿದ್ರೆ ಹೇಳ್ತಿದ್ದೆ. ನೀನು ಕೇಳ್ಲೇ ಇಲ್ಲ."

ಅವರು ಹೊಗಳಿ ಹೇಳಿದ ಮಾತು ಅದು. ಸುಮಿತ್ರಮ್ಮ ಬುಟ್ಟಿ ಹಿಡಿದು ಹಿತ್ತಿಲಿಗೆ ಹೋದವಳು ತುಂಬಾ ಹೊತ್ತು ಒಳಗೆ ಬರಲಿಲ್ಲ.

ಪುಷ್ಯದಲ್ಲಿ ಕಟ್ಟು ಬಿಚ್ಚಿದರು. ಕಾಲು ಸೊರಗಿ ಕಡ್ಡಿಯಾಗಿತ್ತು, ಒಂದು ಬೆರಳಿನಷ್ಟು ಗಿಡ್ಡವಾಗಿತ್ತು, ಆದರೆ ನಿಂತಿತು. ಶಿವರಾತ್ರಿಗೆ ಗೋಡೆ ಹಿಡಿದು, ಯುಗಾದಿಗೆ ಕೋಲು ಹಿಡಿದು ಸುಲೋಚನ ನಡೆದಳು. ಬೀದಿಯ ಹೆಂಗಸರು ಸುಮಿತ್ರಮ್ಮನ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. "ಅರ್ಧ ನಿಮ್ಮ ದೇವರಿಗೆ, ಅರ್ಧ ನನ್ನ ಸೂಜಿಗೆ," ಎಂದಳು ಬೊಳ್ಳಮ್ಮ. ಸುಮಿತ್ರಮ್ಮನೂ ನಂಬಿದಳು, ಸಂತೋಷಪಟ್ಟಳು. ಆ ಸಂತೋಷದ ಒಳಗೆ ಮುಳ್ಳಿತ್ತು.

ಸುಲೋಚನ ಮಾತು ಬಿಡಲಿಲ್ಲ. ಕರೆದರೆ ಓಗೊಟ್ಟಳು, ಬಡಿಸಿದ್ದನ್ನು ಉಂಡಳು. ಅತ್ತಿಗೆ, ಬನ್ನಿ ನೋಡಿ ಎಂದು ಕರೆಯುವುದನ್ನು ಮಾತ್ರ ಬಿಟ್ಟಿದ್ದಳು. ಚಿಟ್ಟೆಗಳ ಪುಸ್ತಕದಲ್ಲಿ ಕೊನೆಯ ತಾರೀಕು ಆ ಶನಿವಾರದ್ದೇ. ಸುಮಿತ್ರಮ್ಮ ಗುಡಿಸುವಾಗೊಮ್ಮೆ ತೆರೆದು ನೋಡಿದಳು. ಕೂಡಿಸಿ ಓದುವಷ್ಟು ಅಕ್ಷರ ಅವಳಿಗೆ ಬರುತ್ತಿತ್ತು. 'ಗೂಡು ಕಪ್ಪಾಗುತ್ತಿದೆ. ಅತ್ತಿಗೆಗೆ ಇನ್ನೂ ಹೇಳಿಲ್ಲ. ಬರುವ ದಿನವೇ ಕರೆದು ತೋರಿಸುವುದು.'

ಮಾರನೆಯ ವರ್ಷ ಮಳೆ ಬಿಟ್ಟ ಮೇಲೆ ಸುಮಿತ್ರಮ್ಮ ಬೂದಿನೀರಿನ ಚಿಪ್ಪನ್ನು ಒಲೆಗೆ ಹಾಕಿದಳು. ಹುಳಗಳು ಬಿಲ್ವವನ್ನು ಜರಡಿ ಮಾಡಿದವು. ನಿತ್ಯದ ಪೂಜೆಗೆ ಬೇಕಾದ ಹನ್ನೊಂದು ಇಡಿಯಾದ ಪತ್ರೆ ಹುಡುಕಲು ಅರ್ಧ ಗಂಟೆ ಹಿಡಿಯುತ್ತಿತ್ತು. ಮಾವ ಏಕೆಂದು ಕೇಳಿದರೆ, "ಈ ವರ್ಷ ಹುಳ ಜಾಸ್ತಿ," ಎಂದಳು. ಆಶ್ವಯುಜದಲ್ಲಿ ಚೆಂಡುಹೂವಿನ ಪಾತಿಯ ಮೇಲೆ ಕಪ್ಪು ಹಳದಿ ಚಿಟ್ಟೆಗಳು ಎಂಟು, ಹತ್ತು, ಒಮ್ಮೊಮ್ಮೆ ಹದಿನೈದು ಒಟ್ಟಿಗೆ ಕೂತು ರೆಕ್ಕೆ ಬಡಿದವು. ಆ ನಾಲ್ಕು ಚಾಪೆಯಗಲದ ತೋಟ ಹಾಗೆ ಎಂದೂ ತುಂಬಿರಲಿಲ್ಲ. ಸುಲೋಚನ ಒಳಗೆ ನಡುಮನೆಯಲ್ಲಿ, ಬೊಳ್ಳಮ್ಮ ತಂದುಕೊಟ್ಟ ಪುಸ್ತಕಗಳನ್ನಿಟ್ಟುಕೊಂಡು ಪರೀಕ್ಷೆಗೆ ಓದುತ್ತಿದ್ದಳು.

"ಹೊರಗೆ ಬಾರೆ ಒಂದು ಗಳಿಗೆ. ಎಷ್ಟೊಂದು ಬಂದಿವೆ."

"ಬರ್ತೀನಿ ಅತ್ತಿಗೆ. ಈ ಲೆಕ್ಕ ಒಂದು ಮುಗಿಸ್ತೀನಿ."

ಸುಮಿತ್ರಮ್ಮ ಜಗಲಿಯಲ್ಲಿ ಕಾದಳು. ಬಿಸಿಲು ಇಳಿದು ಚಿಟ್ಟೆಗಳು ಒಂದೊಂದಾಗಿ ಎದ್ದು ಹೋದವು. ಹೇಳಿಬಿಡಬೇಕು ಎಂದು ಆವತ್ತೂ ಅಂದುಕೊಂಡಳು. ಅಂದುಕೊಂಡದ್ದು ಮಾಘಕ್ಕೆ ಹೋಯಿತು, ಮಾಘದ್ದು ಚೈತ್ರಕ್ಕೆ. ಬೇರೆ ಯಾವ ಕೆಲಸವನ್ನೂ ಅವಳು ಹೀಗೆ ನಾಳೆಗೆ ಇಟ್ಟವಳಲ್ಲ.

ಐವತ್ತನಾಲ್ಕರ ಜೂನಿನಲ್ಲಿ ಸುಲೋಚನೆಗೆ ಮಡಿಕೇರಿಯಲ್ಲಿ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತು. ಕುಂಟುವ ಹುಡುಗಿಗೆ ಗಂಡು ಹುಡುಕುವ ಕಷ್ಟ ತಪ್ಪಿತೆಂದು ಬೀದಿ ಮಾತಾಡಿಕೊಂಡಿತು. ಜವರಪ್ಪ ಟ್ರಂಕನ್ನು ಬಸ್ಸಿನ ಮೇಲೆ ಹತ್ತಿಸಲು ಹೋದ. ತುಂತುರು ಮಳೆ. ಅರಳಿಮರದ ಕೆಳಗೆ ಒಂದೇ ಕೊಡೆಯಲ್ಲಿ ಇಬ್ಬರೇ.

"ಸುಲೋಚನ," ಎಂದಳು ಸುಮಿತ್ರಮ್ಮ. "ಆ ಕೊಂಬೆ ಗಾಳಿಗೆ ಮುರೀಲಿಲ್ಲ. ನಾನು ಕಡಿದೆ. ತಿಥಿ ಮರೆತಿದ್ದೆ. ಪತ್ರೆ ಸಾಲಲಿಲ್ಲ."

ಸುಲೋಚನ ಬಸ್ಸಿನ ಕಡೆ ನೋಡುತ್ತಲೇ ಇದ್ದಳು.

"ಗಾಳಿ ಮುರಿದ ಕೊಂಬೆ ಸಿಗಿದಿರುತ್ತೆ ಅತ್ತಿಗೆ. ಕತ್ತಿ ಕಡಿದದ್ದು ನುಣ್ಣಗಿರುತ್ತೆ. ಬೆಳ್ಳಗೆ, ನಾಣ್ಯದ ಹಂಗೆ. ಎರಡು ತಿಂಗಳು ನಾನು ಮಲಗಿ ನೋಡಿದ್ದು ಅದನ್ನೇ."

"ಗೊತ್ತಿದ್ದೂ ಯಾಕೆ ಒಂದು ಮಾತು ಬೈಲಿಲ್ಲ?"

"ನೀವು ಹೇಳ್ತೀರಿ ಅಂತ ಕಾದೆ. ಮೊದಲು ದಿನಾ ಕಾಯ್ತಿದ್ದೆ." ಅವಳು ಕೋಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು. "ಪೂಜೆ ಯಾರ ಕಾಲಿಗೆ ಮಾಡ್ತಿದ್ದದ್ದು ಅತ್ತಿಗೆ? ನನ್ನ ಕಾಲಿಗೆ ತಾನೆ? ಒಳಗೇ ಮಲಗಿದ್ನಲ್ಲ. ಬಾಗಿಲಲ್ಲಿ ನಿಂತು, ಸಾಲಲ್ಲ ಕಣೆ, ಏನ್ ಮಾಡ್ಲಿ ಅಂತ ಕೇಳಿದ್ರೆ ನಾನೇ ಕೊಡ್ತಿದ್ದೆ. ಅಳ್ತಿದ್ದೆ. ಆದ್ರೆ ಕೊಡ್ತಿದ್ದೆ."

ಕಂಡಕ್ಟರ್ ಸೀಟಿ ಊದಿದ. ಸುಲೋಚನ ಬಾಗಿ ಅತ್ತಿಗೆಯ ಪಾದ ಮುಟ್ಟಿದಳು. ಬಾಗುವಾಗ ಸೊಂಟ ನೋಯುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಸುಮಿತ್ರಮ್ಮ ಹಿಡಿದೆತ್ತಲು ಕೈಚಾಚುವ ಮೊದಲೇ ಎದ್ದು, ಕೊಡೆಯಿಂದ ಮಳೆಗೆ ಹೆಜ್ಜೆ ಹಾಕಿ, ಜವರಪ್ಪನ ಕೈ ಹಿಡಿದು ಬಸ್ಸು ಹತ್ತಿದಳು. ಕಿಟಕಿಯ ಪರದೆ ಇಳಿಸಿತ್ತು. ಒಳಗಿನಿಂದ ಅವಳು ಕೈ ಬೀಸಿದಳೋ ಇಲ್ಲವೋ ಕಾಣಲಿಲ್ಲ.

ಬೈಗುಳಕ್ಕೆ ಸುಮಿತ್ರಮ್ಮ ಸಿದ್ಧಳಾಗಿ ಬಂದಿದ್ದಳು. ಹೋಗಲಿ ಬಿಡಿ ಅತ್ತಿಗೆ ಎಂಬ ಮಾತಿಗೂ, ಒಳಗೊಳಗೆ, ಸಿದ್ಧಳಾಗಿದ್ದಳು. ಕೊಡ್ತಿದ್ದೆ ಎಂಬ ಮಾತೊಂದಕ್ಕೆ ಸಿದ್ಧಳಾಗಿರಲಿಲ್ಲ.

ಮಡಿಕೇರಿಯಿಂದ ತಿಂಗಳಿಗೊಂದು ಕಾಗದ ಬರುತ್ತಿತ್ತು. ತಂದೆಯವರ ಹೆಸರಿಗೆ. ಹಾಸ್ಟೆಲಿನ ಚಳಿ, ಊಟ, ಪಾಠ, ಕೊನೆಯ ಸಾಲಿನಲ್ಲಿ ಅತ್ತಿಗೆಗೆ ನಮಸ್ಕಾರ. ನಾಲ್ಕನೆಯ ಕಾಗದ ಬಂದ ದಿನ ಸುಮಿತ್ರಮ್ಮ ಗಂಡನಿಂದ ಒಂದು ಕಾರ್ಡು ತರಿಸಿಕೊಂಡು, ತಾನೇ ಬರೆಯುತ್ತೇನೆಂದು ಕೂತಳು. ಚಿರಂಜೀವಿ ಸುಲೋಚನೆಗೆ ಆಶೀರ್ವಾದಗಳು, ಇಲ್ಲಿ ಎಲ್ಲರೂ ಕ್ಷೇಮ ಎಂದು ದಪ್ಪಕ್ಷರದಲ್ಲಿ ಬರೆದಳು. ಮುಂದೆ ಬರೆಯಬೇಕಾದದ್ದು ಇಷ್ಟೇ: ನನ್ನ ಮೇಲೆ ಇನ್ನೂ ಬೇಜಾರಿದೆಯಾ? ಸೀಸದ ಕಡ್ಡಿ ಕಾರ್ಡಿನ ಮೇಲೆ ಇಟ್ಟೇ ಇದ್ದಳು. ಅಂಚೆಯವನು ಬೀದಿಯ ಆ ತುದಿಯಿಂದ ಈ ತುದಿಗೆ ಬಂದು, ಬಾಗಿಲಲ್ಲಿ ನಿಂತು, "ಕಾಗದ ಏನಾದ್ರೂ ಉಂಟಾ ಅಮ್ಮ?" ಎಂದಾಗ, ಮುಕ್ಕಾಲು ಪಾಲು ಖಾಲಿಯಿದ್ದ ಆ ಕಾರ್ಡನ್ನೇ ಅವನ ಕೈಗಿತ್ತಳು.